ಕಥೆಯೋ ವಾದವೋ, ಗದ್ಯ ಮೊದಲೋ ಪ್ರಶ್ನೆ ಮೊದಲೋ: ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಆರಿಸುವ ಬಗೆ

ಇಂಗ್ಲಿಷ್ ಪರೀಕ್ಷೆ ಮುಗಿಸಿ ಗೇಟಿನ ಬಳಿ ನಿಂತ ಮಕ್ಕಳ ಮಾತಿಗೆ ಕಿವಿಗೊಟ್ಟರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಗಣಿತದ ದಿನ ‘ಆ ಲೆಕ್ಕ ಬರಲಿಲ್ಲ’ ಎಂದು ಕೊರಗಿದವರೇ ಇಂಗ್ಲಿಷಿನ ದಿನ ‘ಆ ಪತ್ರವನ್ನು ಮುಟ್ಟಲೇಬಾರದಿತ್ತು, ಇನ್ನೊಂದು ಸಲೀಸಾಗಿತ್ತು’ ಎನ್ನುತ್ತಾರೆ. ಬಹಳ ವರ್ಷಗಳಿಂದ ಹತ್ತನೆಯ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತಿರುವ ನನಗೆ ಈ ಕೊರಗು ಬಾಯಿಪಾಠವಾಗಿದೆ. ವ್ಯಾಕರಣ ಬಾರದೆ ಹೋದ ಅಂಕಗಳಿಗಾಗಿ ನಾನು ಅಷ್ಟು ಹಲುಬುವುದಿಲ್ಲ. ಅದು ವರ್ಷಗಟ್ಟಲೆಯ ಲೆಕ್ಕ. ಬರುವ ಇಂಗ್ಲಿಷನ್ನೇ ಇಟ್ಟುಕೊಂಡು ತಪ್ಪು ಪ್ರಶ್ನೆಯನ್ನು ಆರಿಸಿ ಕಳೆದುಕೊಂಡ ಅಂಕಗಳಿಗೆ ಮಾತ್ರ ಹೊಟ್ಟೆ ಉರಿಯುತ್ತದೆ.

ನಮ್ಮ ರಾಜ್ಯದ ಮಕ್ಕಳು ಹೆಚ್ಚಾಗಿ ಬರೆಯುವುದು ಮೂರು ಬಗೆಯ ಪತ್ರಿಕೆಗಳನ್ನು. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವವರಿಗೆ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಸಿಬಿಎಸ್‌ಇಯಲ್ಲೂ ಅದೇ 80 ಮತ್ತು 20. ಆದರೆ ಅಲ್ಲಿ ಓದಿಗೆ 20, ವ್ಯಾಕರಣಕ್ಕೆ 10, ಬರವಣಿಗೆಗೆ 10, ಉಳಿದ 40 ಸಾಹಿತ್ಯಕ್ಕೆ. ಐಸಿಎಸ್‌ಇಯವರು ಭಾಷೆ ಮತ್ತು ಸಾಹಿತ್ಯವನ್ನು ಎರಡು ಬೇರೆ ಪತ್ರಿಕೆಗಳನ್ನಾಗಿ ಒಡೆದಿದ್ದಾರೆ. ಭಾಷಾ ಪತ್ರಿಕೆ 2 ಗಂಟೆ, 80 ಅಂಕ. ಅದರಲ್ಲಿ ಪ್ರಬಂಧವೊಂದಕ್ಕೇ 20. ಮೂರರಲ್ಲೂ ಪ್ರಶ್ನೆಪತ್ರಿಕೆ ಓದಲೆಂದು 15 ನಿಮಿಷ ಬಿಟ್ಟುಕೊಡುತ್ತಾರೆ. ಹೆಚ್ಚಿನ ಮಕ್ಕಳು ಆ ಹೊತ್ತಿನಲ್ಲಿ ‘ಬರುತ್ತದೆಯೇ, ಬರುವುದಿಲ್ಲವೇ’ ಎಂದು ಎಣಿಸುತ್ತಾ ಬೆವರುತ್ತಾರೆ. ಆ ಹದಿನೈದು ನಿಮಿಷ ಇರುವುದು ಆರಿಸುವುದಕ್ಕೆ. ಪೆನ್ನು ಕೈಗೆ ಬರುವ ಮೊದಲೇ ಯಾವ ಪತ್ರ, ಯಾವ ಪ್ರಬಂಧ ಎಂಬುದು ತೀರ್ಮಾನವಾಗಿರಬೇಕು.

ಗದ್ಯಭಾಗ ಮೊದಲೋ, ಪ್ರಶ್ನೆ ಮೊದಲೋ

ಟ್ಯೂಷನ್ನಿನಲ್ಲಿ ಒಬ್ಬರು ‘ಮೊದಲು ಪ್ರಶ್ನೆ ಓದು’ ಎನ್ನುತ್ತಾರೆ, ಶಾಲೆಯಲ್ಲಿ ಇನ್ನೊಬ್ಬರು ‘ಮೊದಲು ಪ್ಯಾಸೇಜ್ ಓದು’ ಎನ್ನುತ್ತಾರೆ. ಇಬ್ಬರೂ ಸರಿ, ಆದರೆ ಬೇರೆ ಬೇರೆ ಪತ್ರಿಕೆಗೆ.

ಎಸ್‌ಎಸ್‌ಎಲ್‌ಸಿಯ ಗದ್ಯಭಾಗ ಚಿಕ್ಕದು, ಪ್ರಶ್ನೆಗಳೂ ಕೆಲವೇ. ಇಲ್ಲಿ ಪ್ರಶ್ನೆಯಿಂದ ಶುರುಮಾಡಿ ಗದ್ಯಕ್ಕೂ ಪ್ರಶ್ನೆಗೂ ಓಡಾಡುವುದರಲ್ಲಿ ಏನೂ ಲಾಭವಿಲ್ಲ. ನಿಧಾನವಾಗಿ ಒಂದು ಸಲ ಪೂರ್ತಿ ಓದಿ, ಪ್ರಶ್ನೆ ನೋಡಿ, ಬರೆಯುವ ಮೊದಲು ಆ ಸಾಲಿಗೆ ಮತ್ತೊಮ್ಮೆ ಕಣ್ಣು ಹಾಯಿಸಿದರೆ ಸಾಕು.

ಸಿಬಿಎಸ್‌ಇಯಲ್ಲಿ ಲೆಕ್ಕ ಬೇರೆ. ತಲಾ 10 ಅಂಕದ ಎರಡು ಗದ್ಯಭಾಗಗಳು, ಒಂದು ವಿಚಾರಪರ, ಇನ್ನೊಂದು ಅಂಕಿಅಂಶವೋ ಸಮೀಕ್ಷೆಯೋ ಇರುವಂಥದ್ದು. ಬಹು ಆಯ್ಕೆಯ ಪ್ರಶ್ನೆಗಳೂ ಸೇರಿರುತ್ತವೆ. ಇಲ್ಲಿ ಪ್ರಶ್ನೆಗಳ ಮೇಲೆ ಮೊದಲೇ ಕಣ್ಣಾಡಿಸುವುದು ಒಳ್ಳೆಯದು, ಆದರೆ ಪ್ರಶ್ನೆಯ ಸಾಲನ್ನು ಮಾತ್ರ. ಕೆಳಗಿನ ನಾಲ್ಕು ಆಯ್ಕೆಗಳನ್ನು ಬೆರಳಿನಿಂದ ಮುಚ್ಚಿಕೊಂಡರೂ ತಪ್ಪಿಲ್ಲ. ಆ ನಾಲ್ಕರಲ್ಲಿ ಮೂರು ಸುಳ್ಳು. ಗದ್ಯವನ್ನು ಓದುವ ಮೊದಲೇ ಮೂರು ಸುಳ್ಳುಗಳನ್ನು ತಲೆಗೆ ತುಂಬಿಕೊಂಡರೆ, ಓದುವಾಗ ಕಣ್ಣು ಆ ಸುಳ್ಳಿನ ಪದಗಳನ್ನೇ ಹುಡುಕುತ್ತದೆ. ತಪ್ಪು ಆಯ್ಕೆಗಳನ್ನು ಹೆಣೆಯುವವರು ಗದ್ಯದಲ್ಲಿರುವ ಪದಗಳನ್ನೇ ಎತ್ತಿ ಅರ್ಥವನ್ನಷ್ಟೇ ತಿರುಚಿರುತ್ತಾರೆ. ಆದ್ದರಿಂದ ಪ್ರಶ್ನೆಯ ಸಾಲು, ಆಮೇಲೆ ಗದ್ಯ, ಆಮೇಲೆ ಮನಸ್ಸಿನಲ್ಲೇ ಒಂದು ಉತ್ತರ, ಕೊನೆಗೆ ಆಯ್ಕೆ. ಪ್ರಶ್ನೆಯಲ್ಲಿ ‘ನಾಟ್’ ಅಥವಾ ‘ಎಕ್ಸೆಪ್ಟ್’ ಕಂಡರೆ ಸುತ್ತು ಹಾಕಿಬಿಡಿ. ಚೆನ್ನಾಗಿ ಓದುವ ಮಕ್ಕಳೇ ಹೆಚ್ಚಾಗಿ ಅಲ್ಲಿ ಎಡವುವುದು, ಅವರಿಗೆ ಅವಸರ.

ಐಸಿಎಸ್‌ಇಯ ಗದ್ಯಭಾಗ ಉದ್ದ, ಸಾಮಾನ್ಯವಾಗಿ ಕಥನ ರೂಪದ್ದು; ಅಂಕ 20. ಇಲ್ಲಿ ಗದ್ಯವೇ ಮೊದಲು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಮುಂಚೆಯೇ ನೋಡಿಕೊಳ್ಳಬೇಕು: 50 ಪದಗಳ ಸಾರಾಂಶ. ಯಾವ ಭಾಗದ ಸಾರಾಂಶ ಕೇಳಿದ್ದಾರೆ ಎಂದು ತಿಳಿದಿದ್ದರೆ ಓದುವಾಗಲೇ ಆ ಅಂಶಗಳು ಎದ್ದು ಕಾಣುತ್ತವೆ. ಗೊತ್ತಿಲ್ಲದಿದ್ದರೆ ಇಡೀ ಗದ್ಯವನ್ನು ಮತ್ತೊಮ್ಮೆ ಓದಬೇಕು, 2 ಗಂಟೆಯ ಪತ್ರಿಕೆಯಲ್ಲಿ ಅಷ್ಟು ಪುರುಸೊತ್ತು ಎಲ್ಲಿದೆ?

ಸಾರಾಂಶಕ್ಕೂ ಎರಡು ದಾರಿಗಳಿವೆ. ಗದ್ಯದ ಒಂದೊಂದು ವಾಕ್ಯವನ್ನೂ ಚಿಕ್ಕದು ಮಾಡುತ್ತಾ ಹೋಗುವುದು ಒಂದು. ಅಂಶಗಳನ್ನು ಮೊದಲು ಪಟ್ಟಿ ಮಾಡಿ, ಗದ್ಯದಿಂದ ಕಣ್ಣು ತೆಗೆದು ಬರೆಯುವುದು ಇನ್ನೊಂದು. ಮೊದಲನೆಯ ದಾರಿ ಹಿಡಿದವರಿಗೆ ಐವತ್ತು ಪದದ ಜಾಗ ಮುಗಿದಿರುತ್ತದೆ, ಗದ್ಯ ಇನ್ನೂ ಅರ್ಧ ಉಳಿದಿರುತ್ತದೆ. ಎರಡನೆಯದನ್ನೇ ಹಿಡಿಯಿರಿ. ಉದಾಹರಣೆ, ಉಪಮೆ, ಸಂಭಾಷಣೆಗೆ ಸಾರಾಂಶದಲ್ಲಿ ಸ್ಥಳವಿಲ್ಲ.

ಗದ್ಯದ ಮಾತೋ, ಸ್ವಂತ ಮಾತೋ

ಪ್ರಶ್ನೆ ಯಾವ ಪದ, ಯಾವ ನುಡಿಗಟ್ಟು ಎಂದು ಕೇಳಿದರೆ ಗದ್ಯದಿಂದ ಹಾಗೆಯೇ ಎತ್ತಿ ಬರೆಯಿರಿ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಏಕೆ, ಹೇಗೆ ಎಂದರೆ ಸ್ವಂತ ವಾಕ್ಯ. ಇದು ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿಲ್ಲದ್ದು ಮುಂದಿದೆ.

ಗದ್ಯದಲ್ಲಿ ನಿರೂಪಕ ‘ಐ’ ಎಂದು ಮಾತನಾಡುತ್ತಿದ್ದಾನೆ ಎನ್ನಿ. ಎತ್ತಿ ಬರೆಯುವ ಮಗು ಉತ್ತರದಲ್ಲೂ ‘ಐ’ ಎಂದೇ ಬರೆಯುತ್ತದೆ. ಈಗ ಕಾಡಿನಲ್ಲಿ ದಾರಿ ತಪ್ಪಿದವನು ನಿರೂಪಕನಲ್ಲ, ಪರೀಕ್ಷೆ ಬರೆಯುತ್ತಿರುವ ಹುಡುಗ! ಇದರ ಬೇರು ಕನ್ನಡದಲ್ಲೇ ಇದೆ. ನಮ್ಮಲ್ಲಿ ‘ನಾನು ಬರುತ್ತೇನೆ ಎಂದು ಹೇಳಿದನು’ ಎಂದರೆ ತಪ್ಪಿಲ್ಲ; ‘ಎಂದು’ ಎಂಬ ಪುಟ್ಟ ಪದ ಆಡಿದ ಮಾತನ್ನು ಇದ್ದಂತೆಯೇ ಹೊತ್ತು ತರುತ್ತದೆ. ಅದನ್ನೇ ಮಕ್ಕಳು ‘ಹೀ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದಾಗ ಇಂಗ್ಲಿಷಿನಲ್ಲಿ ಬರುವವನೇ ಬದಲಾಗಿಬಿಡುತ್ತಾನೆ. ‘ದಟ್’ ಬರೆದ ಕೂಡಲೇ ಒಂದು ಕ್ಷಣ ನಿಂತು, ಮುಂದಿನ ಸರ್ವನಾಮ ಯಾರದು ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಸಿ. ಗದ್ಯದ ಉತ್ತರ, ಕಥೆ, ಒಬ್ಬರ ಮಾತನ್ನು ವರದಿ ಮಾಡುವ ವಾಕ್ಯದ (ರಿಪೋರ್ಟೆಡ್ ಸ್ಪೀಚ್) ವ್ಯಾಕರಣ, ಮೂರು ಕಡೆಯೂ ಇದು ಕೈಹಿಡಿಯುತ್ತದೆ.

ಯಾವ ಪತ್ರ

ಎಸ್‌ಎಸ್‌ಎಲ್‌ಸಿ ಮತ್ತು ಐಸಿಎಸ್‌ಇ ಎರಡರಲ್ಲೂ ಸಾಮಾನ್ಯವಾಗಿ ಕೊಡುವ ಆಯ್ಕೆ ಒಂದೇ ಬಗೆಯದು: ಒಂದು ಗೆಳೆಯರಿಗೋ ಮನೆಯವರಿಗೋ, ಇನ್ನೊಂದು ಅಧಿಕಾರಿಗೋ ಸಂಪಾದಕರಿಗೋ. ಐಸಿಎಸ್‌ಇಯಲ್ಲಿ ಇದಕ್ಕೆ 10 ಅಂಕ. ಎಸ್‌ಎಸ್‌ಎಲ್‌ಸಿಯ ಈಚಿನ ವರ್ಷಗಳ ಪತ್ರಿಕೆಗಳಲ್ಲಿ 5 ಅಂಕ, ಅಂದರೆ ಆ ಪತ್ರಿಕೆಯ ಅತಿ ದೊಡ್ಡ ಪ್ರಶ್ನೆಗಳಲ್ಲಿ ಒಂದು.

ಮಕ್ಕಳಿಗೆ ಗೆಳೆಯನ ಪತ್ರ ಸುಲಭವೆಂದು ಕಾಣುತ್ತದೆ. ನನ್ನ ಅನುಭವದಲ್ಲಿ ಇಂಗ್ಲಿಷಿನಲ್ಲಿ ತಡವರಿಸುವ ಮಗುವಿಗೆ ಅದೇ ಕಷ್ಟ. ಅಧಿಕಾರಿಗೆ ಬರೆಯುವ ಪತ್ರದ ಮೈಕಟ್ಟು ಮೊದಲೇ ಸಿದ್ಧವಾಗಿರುತ್ತದೆ: ಕಳುಹಿಸುವವರ ವಿಳಾಸ, ದಿನಾಂಕ, ಯಾರಿಗೆ, ವಿಷಯ, ಸಂಬೋಧನೆ, ಎರಡು ಚಿಕ್ಕ ಪರಿಚ್ಛೇದ, ವಂದನೆ, ಸಹಿ. ಏನಾಗಿದೆ, ಎಷ್ಟು ದಿನದಿಂದ, ಯಾರಿಗೆ ತೊಂದರೆ, ಏನು ಮಾಡಬೇಕು ಎಂಬ ನಾಲ್ಕು ವಾಕ್ಯ ಬಂದರೆ ಒಡಲು ತುಂಬಿತು. ವಿನ್ಯಾಸಕ್ಕೆಂದು ಇಟ್ಟಿರುವ ಅಂಕ ಕೈಬಿಡುವುದೇ ಇಲ್ಲ.

ಗೆಳೆಯನ ಪತ್ರಕ್ಕೆ ಅಂಥ ಊರುಗೋಲಿಲ್ಲ. ಮಗು ಏನು ಮಾಡುತ್ತದೆ? ಅಜ್ಜನ ಕಾಲದಿಂದ ಬಂದ ‘ನಾವೆಲ್ಲರೂ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಿ’ ಎಂಬುದನ್ನು ಇಂಗ್ಲಿಷಿಗೆ ಇಳಿಸಲು ಹೊರಡುತ್ತದೆ. ತಂದೆ, ತಾಯಿ, ತಂಗಿ, ಓದು, ಹವಾಮಾನ ಎಲ್ಲದರ ಕುಶಲ ಮುಗಿಯುವ ಹೊತ್ತಿಗೆ ಪತ್ರದ ಮುಕ್ಕಾಲು ಭಾಗ ಮುಗಿದು, ಪ್ರಶ್ನೆಯಲ್ಲಿ ಕೇಳಿದ ವಿಷಯ ಒಂದೇ ಸಾಲಿನಲ್ಲಿ ಬಾಲದಂತೆ ಜೋತುಬಿದ್ದಿರುತ್ತದೆ. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಬೀದಿ ದೀಪ ಸರಿಪಡಿಸಬೇಕೆಂದು ಪಂಚಾಯಿತಿಗೆ ಬರೆದ ಪತ್ರದಲ್ಲೂ ಅಧಿಕಾರಿಯ ಮನೆಯವರ ಆರೋಗ್ಯ ವಿಚಾರಿಸಿದ್ದ. ನಾನು ನಕ್ಕು ಅಂಕ ಕಳೆದೆ. ಈಗಲೂ ಅವನ ಸೌಜನ್ಯ ನೆನಪಾಗುತ್ತದೆ.

ಹಾಗೆಂದು ಗೆಳೆಯನ ಪತ್ರವನ್ನು ಎಲ್ಲರೂ ಬಿಡಬೇಕಿಲ್ಲ. ಇಂಗ್ಲಿಷಿನಲ್ಲಿ ಸರಾಗವಾಗಿ ಬರೆಯುವವರಿಗೆ ತಮ್ಮ ದನಿ ತೋರಿಸಲು ಅದೇ ಒಳ್ಳೆಯ ಜಾಗ, ಅದರಲ್ಲೂ ಐಸಿಎಸ್‌ಇಯಲ್ಲಿ. ಕುಶಲ ಒಂದು ಸಾಲು, ಎರಡನೆಯ ಸಾಲಿಗೇ ವಿಷಯ. ಆ ಶಿಸ್ತು ಇದ್ದವರು ಧೈರ್ಯವಾಗಿ ಆರಿಸಲಿ.

ಸಿಬಿಎಸ್‌ಇಯಲ್ಲಿ ಎರಡೂ ಆಯ್ಕೆಗಳು ಔಪಚಾರಿಕ ಪತ್ರಗಳೇ, 100ರಿಂದ 120 ಪದ, 5 ಅಂಕ. ಅಲ್ಲಿ ಸಂಪಾದಕರಿಗೆ ಬರೆಯುವುದು ಮತ್ತು ದೂರು, ವಿಚಾರಣೆಯ ಪತ್ರಗಳ ನಡುವೆ ಆರಿಸಬೇಕಾಗಿ ಬಂದರೆ ಎರಡನೆಯದು ಸುರಕ್ಷಿತ. ಸಂಪಾದಕರ ಪತ್ರಕ್ಕೆ ಅಭಿಪ್ರಾಯ ಬೇಕು, ಕಾರಣ ಬೇಕು, ಪರಿಹಾರ ಬೇಕು. ಕೆಟ್ಟುಹೋದ ಪಂಖದ ದೂರಿಗೆ ಕೊಂಡ ದಿನಾಂಕ, ಬಿಲ್ಲಿನ ಸಂಖ್ಯೆ, ಆದ ತೊಂದರೆ ಇಷ್ಟಿದ್ದರೆ ನಡೆಯುತ್ತದೆ. ಇನ್ನು ಅಲ್ಲಿಯ ವಿಶ್ಲೇಷಣಾ ಪರಿಚ್ಛೇದದಲ್ಲಿ, ಅಂದರೆ ಕೊಟ್ಟ ಗ್ರಾಫನ್ನೋ ಚಾರ್ಟನ್ನೋ ನೋಡಿ ಬರೆಯುವ ಪರಿಚ್ಛೇದದಲ್ಲಿ, ಎರಡು ನಕ್ಷೆಗಳಲ್ಲಿ ಒಂದನ್ನು ಆರಿಸುವಾಗ ವಿಷಯ ಪರಿಚಿತವೇ ಎಂದು ನೋಡಬೇಡಿ. ಏರಿಕೆಯೋ ಇಳಿಕೆಯೋ ಒಂದು ಚಲನೆ ಥಟ್ಟನೆ ಕಾಣುವುದು ಯಾವುದರಲ್ಲಿ ಎಂದು ನೋಡಿ. ಪರಿಚಿತ ವಿಷಯದ ಅಪಾಯವೆಂದರೆ ಮಗು ನಕ್ಷೆಯನ್ನು ಮರೆತು ಉಪದೇಶಕ್ಕೆ ಇಳಿಯುತ್ತದೆ.

ಯಾವ ಪತ್ರವೇ ಆಗಲಿ, ಪ್ರಶ್ನೆ ‘ನೀವು ಇಂಥ ಊರಿನ ಇಂಥವರು ಎಂದು ಭಾವಿಸಿ’ ಎಂದಿದ್ದರೆ ಆ ಹೆಸರು, ಆ ವಿಳಾಸವನ್ನೇ ಬರೆಯಬೇಕು. ನಿಮ್ಮ ನಿಜವಾದ ಹೆಸರು, ಶಾಲೆ, ನೋಂದಣಿ ಸಂಖ್ಯೆ ಉತ್ತರದೊಳಗೆ ಎಲ್ಲೂ ಬರಬಾರದು.

ಕಥೆ, ವಾದ, ವರ್ಣನೆ, ಚಿತ್ರ

ಅತ್ಯಂತ ದುಬಾರಿ ಆಯ್ಕೆ ಇದು. ಐಸಿಎಸ್‌ಇಯ ಮೊದಲ ಪ್ರಶ್ನೆಯಲ್ಲಿ ಐದು ವಿಷಯ ಕೊಟ್ಟು ಒಂದನ್ನು 300ರಿಂದ 350 ಪದಗಳಲ್ಲಿ ಬರೆಯಲು ಹೇಳುತ್ತಾರೆ. ಅನುಭವ ಅಥವಾ ವರ್ಣನೆ, ವಾದ, ಒಂದು ಸಾಲಿನಿಂದ ಶುರುವಾಗುವ ಅಥವಾ ಮುಗಿಯುವ ಕಥೆ, ಕೊನೆಗೆ ಚಿತ್ರ. ಮಕ್ಕಳಲ್ಲಿ ಬಹುಪಾಲು ಕಥೆಗೆ ಹಾರುತ್ತಾರೆ.

ಕಥೆ ಬರೆಯುವುದು ಖುಷಿ, ಒಪ್ಪುತ್ತೇನೆ. ಆದರೆ ಅದರಲ್ಲಿ ಎರಡು ಗುಂಡಿಗಳಿವೆ. ಒಂದು, ಕಾಲ. ಕನ್ನಡದಲ್ಲಿ ಕಥೆ ಹೇಳುವಾಗ ‘ರಾಜ ಕಾಡಿಗೆ ಹೋದ, ಅಲ್ಲಿ ನೋಡುತ್ತಾನೆ, ಒಂದು ಹುಲಿ ನಿಂತಿದೆ’ ಎಂದು ಭೂತದಿಂದ ವರ್ತಮಾನಕ್ಕೆ ಸಲೀಸಾಗಿ ಜಾರುತ್ತೇವೆ, ಕೇಳುವವರಿಗೆ ಅದರಿಂದ ರೋಮಾಂಚವೂ ಆಗುತ್ತದೆ. ಇಂಗ್ಲಿಷ್ ಉತ್ತರದಲ್ಲಿ ‘ವೆಂಟ್’ ಆದಮೇಲೆ ‘ಸೀಸ್’ ಬಂದರೆ ಮೌಲ್ಯಮಾಪಕರ ಕೆಂಪು ಗೆರೆ ಬೀಳುತ್ತದೆ. ಎರಡನೆಯ ಗುಂಡಿ ಮುಕ್ತಾಯ. ಇನ್ನೂರೈವತ್ತು ಪದ ಕಳೆದರೂ ನಾಯಕ ಇನ್ನೂ ಬಸ್ ಹತ್ತಿರುವುದಿಲ್ಲ. ಗಡಿಯಾರ ನೋಡಿ ಗಾಬರಿಯಾಗಿ ‘ಅಷ್ಟರಲ್ಲಿ ಅಮ್ಮ ಎಬ್ಬಿಸಿದಳು, ಅದೆಲ್ಲ ಕನಸು’ ಎಂದು ಮುಗಿಸುತ್ತಾರೆ. ಆ ಅಮ್ಮ ನನ್ನ ವಿದ್ಯಾರ್ಥಿಗಳನ್ನು ಎಷ್ಟು ಸಲ ಎಬ್ಬಿಸಿದ್ದಾಳೋ ಲೆಕ್ಕವಿಲ್ಲ. ಕಥೆ ಆರಿಸಬೇಕೆಂದಿದ್ದರೆ ಓದುವ ಹದಿನೈದು ನಿಮಿಷದಲ್ಲೇ ಕೊನೆಯ ವಾಕ್ಯ ಹೊಳೆಯಬೇಕು. ಹೊಳೆಯದಿದ್ದರೆ ಬೇರೆ ವಿಷಯಕ್ಕೆ ಹೋಗಿ. ಹೊಳೆದರೆ ಒಂದು ಜಾಗ, ಇಬ್ಬರು ಮನುಷ್ಯರು, ಒಂದು ಮಧ್ಯಾಹ್ನ, ಇಷ್ಟರೊಳಗೆ ಕಟ್ಟಿ.

ವಾದ ಒಣಕಲೆಂದು ಮಕ್ಕಳು ದೂರ ಇಡುತ್ತಾರೆ. ನಾನಾದರೋ ನಡುಮಟ್ಟದ ಮಗುವಿಗೆ ಅದನ್ನೇ ಮೊದಲು ತೋರಿಸುತ್ತೇನೆ. ವರ್ತಮಾನ ಕಾಲದಲ್ಲೇ ಬಹುಪಾಲು ಮುಗಿಯುತ್ತದೆ, ಪರಿಚ್ಛೇದಗಳು ತಾವಾಗಿಯೇ ಬೀಳುತ್ತವೆ, ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಿರುತ್ತದೆ. ಆರಿಸುವ ಮೊದಲು ಒಂದು ಪರೀಕ್ಷೆ: ನನ್ನ ಕಡೆಗೆ ಮೂರು ಕಾರಣಗಳಿವೆಯೇ, ಪ್ರತಿ ಕಾರಣಕ್ಕೂ ಕಣ್ಣಾರೆ ಕಂಡ ಒಂದು ಉದಾಹರಣೆ ಇದೆಯೇ? ‘ಹೋಮ್‌ವರ್ಕ್ ರದ್ದು ಮಾಡಬೇಕು’ ಎಂಬುದು ವಿಷಯ ಎನ್ನೋಣ. ‘ಮಕ್ಕಳಿಗೆ ಒತ್ತಡ’ ಎಂದಷ್ಟೇ ಬರೆದರೆ ಅದು ಗಾಳಿಮಾತು. ರಾತ್ರಿ ಹನ್ನೊಂದರವರೆಗೆ ಕೂತು ಅರ್ಥವಾಗದ ಲೆಕ್ಕವನ್ನು ಗೆಳೆಯನ ಪುಸ್ತಕದಿಂದ ನಕಲು ಮಾಡುವ ಅಣ್ಣನನ್ನು ಎರಡು ವಾಕ್ಯದಲ್ಲಿ ತಂದರೆ ಅದೇ ಕಾರಣಕ್ಕೆ ಮೈ ಬರುತ್ತದೆ. ಇಂಥ ಮೂರು ಸಿಗದಿದ್ದರೆ ಎದುರು ಪಕ್ಷ ಹಿಡಿಯಿರಿ. ನಿಮ್ಮ ನಿಜವಾದ ಅಭಿಪ್ರಾಯ ಏನೆಂದು ಅಲ್ಲಿ ಯಾರೂ ಕೇಳುತ್ತಿಲ್ಲ. ‘ಪರವೋ ವಿರೋಧವೋ’ ಎಂದು ಕೇಳಿದಾಗ ಎರಡೂ ದೋಣಿಯಲ್ಲಿ ಕಾಲಿಡುವುದು ಮಾತ್ರ ಬೇಡ. ಎದುರಿನವರ ಒಂದು ಮಾತನ್ನು ಒಂದೇ ಸಾಲಿನಲ್ಲಿ ಒಪ್ಪಿ, ಮರುಸಾಲಿನಲ್ಲಿ ಅದಕ್ಕೆ ಉತ್ತರ ಕೊಡಬಹುದು, ಅಷ್ಟೇ.

ವರ್ಣನೆ ಓದುವ ಅಭ್ಯಾಸವಿರುವ ಮಕ್ಕಳಿಗೆ. ವಿಶೇಷಣಗಳ ಸರಮಾಲೆಯೇ ವರ್ಣನೆ ಎಂದು ತಿಳಿದವರು ಆ ಕಡೆ ಹೋಗದಿರುವುದು ಲೇಸು.

ಚಿತ್ರದ ವಿಷಯದಲ್ಲಿ ಬೋರ್ಡು ಬದಲಾದರೆ ಕೆಲಸವೇ ಬದಲಾಗುತ್ತದೆ, ಇದನ್ನು ಒತ್ತಿ ಹೇಳಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಚಿತ್ರ ಕೊಟ್ಟರೆ ಕಂಡದ್ದನ್ನು ಬರೆದರೆ ಆಯಿತು: ಸಂತೆ, ತರಕಾರಿ ಮಾರುತ್ತಿರುವ ಹೆಂಗಸು, ಚೀಲ ಹಿಡಿದು ಚೌಕಾಶಿ ಮಾಡುತ್ತಿರುವ ಗಂಡಸು, ಹಿಂದೆ ಒಂದು ಮರ. ‘ಈಸ್ ಸೆಲ್ಲಿಂಗ್’, ‘ಆರ್ ಸ್ಟ್ಯಾಂಡಿಂಗ್’ ಎಂಬ ಕ್ರಿಯಾರೂಪ ಸರಿಯಿದ್ದರೆ ಅಂಕ ನಿಮ್ಮದೇ, ಕಲ್ಪನೆ ಬೇಕಿಲ್ಲ. ಐಸಿಎಸ್‌ಇಯ ಚಿತ್ರ ಬರಿಯ ನೆಪ. ಅದರಿಂದ ಕಥೆಯನ್ನೋ ವಿಚಾರವನ್ನೋ ಬೆಳೆಸಬೇಕು, ಆದರೂ ಚಿತ್ರಕ್ಕೂ ಬರೆದದ್ದಕ್ಕೂ ನಂಟು ಸ್ಪಷ್ಟವಾಗಿ ಕಾಣಬೇಕು. ಮೊದಲೇ ಸಿದ್ಧಮಾಡಿಕೊಂಡ ಕಥೆಗೆ ಕೊನೆಯಲ್ಲಿ ಚಿತ್ರವನ್ನು ಅಂಟಿಸಿದರೆ ಓದುವವರಿಗೆ ಕೂಡಲೇ ತಿಳಿಯುತ್ತದೆ.

ಎಸ್‌ಎಸ್‌ಎಲ್‌ಸಿಯಲ್ಲಿ ಸುಳಿವು ಕೊಟ್ಟು ಕಥೆ ಬೆಳೆಸುವ, ವಿವರ ಕೊಟ್ಟು ವ್ಯಕ್ತಿ ಪರಿಚಯ ಬರೆಯುವ ಪ್ರಶ್ನೆಗಳೂ ಇರುತ್ತವೆ. ಇವುಗಳಲ್ಲಿ ಸರಕೆಲ್ಲ ಎದುರಿಗೇ ಇದೆ. ಕೊಟ್ಟ ಸುಳಿವುಗಳಲ್ಲಿ ಒಂದನ್ನೂ ಬಿಡದೆ, ಪ್ರತಿಯೊಂದನ್ನೂ ಪೂರ್ಣ ವಾಕ್ಯ ಮಾಡಿದರೆ ಸಾಕು. ಪಾಠದ ಪ್ರಶ್ನೆಗೆ ನೆನಪು ಕೈಕೊಟ್ಟು ಪೇಚಾಡುತ್ತಿರುವವರು ಅದನ್ನು ಬಿಟ್ಟು ಮೊದಲು ಇವುಗಳಿಗೆ ಬರಬೇಕು.

ಬಾಯಿಪಾಠದ ಪ್ರಬಂಧ

ಪಾಸಾಗಲು ಬೇಕಾದಷ್ಟನ್ನೇ ಕಟ್ಟಿಕೊಡುವ ‘ಪಾಸಿಂಗ್ ಪ್ಯಾಕೇಜ್’ ಎಂಬ ಪದವನ್ನು ಕೇಳದ ಹೈಸ್ಕೂಲು ನಮ್ಮಲ್ಲಿಲ್ಲ. ಪರಿಸರ ಮಾಲಿನ್ಯ, ಮೊಬೈಲ್, ಗ್ರಂಥಾಲಯ ಎಂದು ನಾಲ್ಕಾರು ಪ್ರಬಂಧಗಳನ್ನು ಉರುಹೊಡೆಸುತ್ತಾರೆ. ಇದನ್ನು ಹೀಗಳೆಯುವವರು ಬಹಳ ಮಂದಿ. ನಾನು ಪೂರ್ತಿ ಹೀಗಳೆಯಲಾರೆ. ಪಾಸಿನ ಅಂಚಿನಲ್ಲಿರುವ ಮಗುವಿಗೆ ಅದು ಆಸರೆ. ಆದರೆ ಇಡೀ ಪ್ರಬಂಧವನ್ನು ಉರುಹೊಡೆದವನು ನಡುವೆ ಒಂದು ಸಾಲು ಮರೆತರೆ ಅಲ್ಲಿಗೇ ನಿಂತುಬಿಡುತ್ತಾನೆ. ಅದರ ಬದಲು ಅಸ್ಥಿಪಂಜರ ಕಲಿಸಿ: ಪೀಠಿಕೆ, ಕಾರಣ, ಪರಿಣಾಮ, ಪರಿಹಾರ, ಮುಕ್ತಾಯ, ಒಂದೊಂದಕ್ಕೆ ಯಾವ ವಿಷಯಕ್ಕಾದರೂ ಒಗ್ಗುವ ಒಂದು ಆರಂಭದ ವಾಕ್ಯ. ಪ್ಲಾಸ್ಟಿಕ್ ಬಂದರೂ, ನೀರಿನ ಅಭಾವ ಬಂದರೂ ನಡೆದೀತು. ಎಪ್ಪತ್ತು ದಾಟುವ ಮಗುವಿಗೆ ಮಾತ್ರ ಈ ಅಸ್ಥಿಪಂಜರವೂ ಬೇಡ, ಅದರ ಬರಹವನ್ನು ಅದು ಬಿಗಿಯುತ್ತದೆ.

ಯಾವುದು ಮೊದಲು

ಐಸಿಎಸ್‌ಇ ಪತ್ರಿಕೆಯಲ್ಲಿ 120 ನಿಮಿಷಕ್ಕೆ 80 ಅಂಕ, ಅಂದರೆ ಅಂಕಕ್ಕೆ ಒಂದೂವರೆ ನಿಮಿಷ. ಪ್ರಬಂಧದ 20 ಅಂಕಕ್ಕೆ 30 ನಿಮಿಷ ಬರುತ್ತದೆ. ವ್ಯಾಕರಣಕ್ಕೂ 20 ಅಂಕ, ಆದರೆ ಬರುವವರು ಅದನ್ನು ಹದಿನೈದು ನಿಮಿಷದಲ್ಲಿ ಮುಗಿಸುತ್ತಾರೆ. ಅಲ್ಲಿ ಉಳಿಸಿದ ಹೊತ್ತು ಗದ್ಯಭಾಗಕ್ಕೆ ಸಲ್ಲಲಿ. ಪತ್ರಿಕೆಯ ಕ್ರಮದಲ್ಲೇ ಪ್ರಬಂಧದಿಂದ ಹೊರಡುವವರು ಮುಕ್ಕಾಲು ಗಂಟೆ ಅಲ್ಲೇ ಉಳಿದುಬಿಡುವ ಅಪಾಯವಿದೆ. ವ್ಯಾಕರಣದಿಂದ ಹೊರಟವರಿಗೆ ಕೈ ಬಿಸಿಯಾಗುತ್ತದೆ, ಧೈರ್ಯವೂ ಬರುತ್ತದೆ, ಆದರೆ ಪ್ರಬಂಧ ಹಿಂದೆ ಬೀಳಬಹುದು. ಗಾಬರಿ ಸ್ವಭಾವದ ಮಗುವಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಅರ್ಧ ಗಂಟೆಯೊಳಗೆ ಪ್ರಬಂಧ ಶುರುವಾಗಿರಬೇಕೆಂಬ ಒಂದೇ ಷರತ್ತಿನ ಮೇಲೆ. ಸಿಬಿಎಸ್‌ಇಯ 3 ಗಂಟೆಯಲ್ಲಿ ಅಂಕಕ್ಕೆ ಎರಡೂಕಾಲು ನಿಮಿಷ ಸಿಗುತ್ತದೆ, ಓದಿನ 20 ಅಂಕಕ್ಕೆ 45 ನಿಮಿಷ; ಅದಕ್ಕಿಂತ ಹೆಚ್ಚು ಕೊಟ್ಟರೆ ಸಾಹಿತ್ಯದ 40 ಅಂಕ ಬಡವಾಗುತ್ತದೆ.

ಪದ ಎಣಿಸುತ್ತಾ ಕೂರುವವರಿಗೆ ಒಂದು ಮಾತು. ನಿಮ್ಮ ಕೈಬರಹದಲ್ಲಿ ಒಂದು ಸಾಲಿಗೆ ಎಷ್ಟು ಪದ ಹಿಡಿಯುತ್ತದೆ ಎಂದು ಮನೆಯಲ್ಲೇ ನೋಡಿಕೊಳ್ಳಿ. ಎಂಟು ಎಂದಾದರೆ ನಲವತ್ತು ಸಾಲಿಗೆ 320 ಪದ ಆಯಿತು, ಪರೀಕ್ಷೆಯಲ್ಲಿ ಸಾಲು ಎಣಿಸಿದರೆ ಸಾಕು. 50 ಪದಗಳ ಸಾರಾಂಶವನ್ನು ಮಾತ್ರ ಒಂದೊಂದಾಗಿಯೇ ಎಣಿಸಬೇಕು.

ಕೊನೆಯ ಐದು ನಿಮಿಷದಲ್ಲಿ ಎಲ್ಲವನ್ನೂ ಮತ್ತೆ ಓದುತ್ತೇನೆಂದು ಹೊರಟರೆ ಯಾವುದೂ ಆಗುವುದಿಲ್ಲ. ಕಾಗುಣಿತ ನೋಡಬೇಕೋ, ಕ್ರಿಯಾಪದ ನೋಡಬೇಕೋ ಎಂದರೆ ಕ್ರಿಯಾಪದವನ್ನೇ ನೋಡಿ: ಕಾಲ ಜಾರಿದೆಯೇ, ವರ್ತಮಾನ ಕಾಲದಲ್ಲಿ ‘ಹೀ’ ‘ಶೀ’ಗಳ ಮುಂದಿನ ಕ್ರಿಯಾಪದಕ್ಕೆ ‘ಎಸ್’ ಇದೆಯೇ. ಅದಾದ ಮೇಲೂ ಒಂದು ನಿಮಿಷ ಉಳಿದರೆ ‘ದ’, ‘ಎ’ಗಳು. ಕನ್ನಡದಲ್ಲಿ ಇಲ್ಲದ ಪದಗಳಾದ್ದರಿಂದ ನಮ್ಮ ಕಣ್ಣಿಗೆ ಅವು ಬಿಟ್ಟುಹೋದದ್ದು ಕಾಣಿಸುವುದೇ ಇಲ್ಲ. ಬೆರಳಿಟ್ಟು ಒಂದೊಂದು ನಾಮಪದದ ಹಿಂದೆಯೂ ನೋಡಬೇಕು.